ಬಿಸಿ ಗಾಳಿಗೆ ಒಡ್ಡಿದ ಅಂಗೈ

ಬೆಳಕು ಇನ್ನೂ ಸರಿಯಾಗಿ ಮೂಡಿಲ್ಲ. ಆಸ್ಪತ್ರೆಯ ಹಿಂಬದಿಯ ಗೇಟಿನಲ್ಲಿ ಹಾಲಿನ ವ್ಯಾನು ಡಬ್ಬಿಗಳನ್ನು ಇಳಿಸಿ ಹೋಗಿದೆ. ಒಗೆದ ಹಾಸು ಹೊದಿಕೆಗಳ ಗಾಡಿ ಕಿರುಗುಟ್ಟುತ್ತ ಲಿಫ್ಟಿನ ಕಡೆಗೆ ಸಾಗಿದೆ. ಮೂರನೆಯ ಮಹಡಿಯ ಕಾರಿಡಾರಿನ ತುದಿಗೆ ಕಿಟಕಿಯೇ ಇಲ್ಲದ ಒಂದು ಕೋಣೆಯಿದೆ. ಅದರ ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ ಕಾವಲುಗಾರ, ಕೆಲಸಕ್ಕೆ ಬಂದ ಹೆಂಗಸೊಬ್ಬರನ್ನು ಕಂಡು ಆಕಳಿಸುತ್ತ ಎದ್ದು ನಿಲ್ಲುತ್ತಾನೆ.

"ಏನಮ್ಮಾ, ಇವತ್ತು ಯಾರಿಗೆ ಜ್ವರ ಬರಿಸ್ತೀರಿ?"

"ನಾಲ್ಕನೇ ಸಾಲಿಗೆ. ನಿನಗೂ ಬೇಕಿದ್ರೆ ಹೇಳು, ಒಂದು ವೈರು ಚುಚ್ತೀನಿ."

"ಬೇಡ ಬೇಡ, ನನ್ನ ಪರೀಕ್ಷೆ ಮಾಡೋಳು ಮನೇಲೇ ಇದಾಳೆ. ಅದಿರ್ಲಿ, ನಿಮ್ಮ ಕೋಟಿನ ಒಂದು ತೋಳು ಎಲ್ಲಿ ಹೋಯ್ತು? ದರ್ಜಿ ನುಂಗಿದ್ನಾ?"

"ದಿನಾ ಇದನ್ನೇ ಕೇಳ್ತೀಯಲ್ಲ, ಬೇಜಾರಾಗಲ್ವಾ ನಿನಗೆ?"

"ದಿನಾ ಅದನ್ನೇ ಹಾಕ್ಕೊಂಡು ಬರ್ತೀರಲ್ಲ!"

ಅವನು ನಗುವುದರಲ್ಲಿ ತಪ್ಪಿಲ್ಲ. ಆಕೆ ತೊಟ್ಟಿರುವುದು ಬೂದು ಬಣ್ಣದ ದಪ್ಪ ಕೋಟು. ಅದರ ಎಡತೋಳು ಮಣಿಕಟ್ಟಿನವರೆಗೆ ಇದೆ. ಬಲತೋಳು ಮೊಣಕೈ ದಾಟಿದ ಕೂಡಲೇ ಮುಗಿದುಹೋಗುತ್ತದೆ. ಕತ್ತರಿಸಿದ ಅಂಚನ್ನು ಮಾತ್ರ ಯಾರೋ ಬಹಳ ಅಕ್ಕರೆಯಿಂದ ಮಡಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಹೊಲಿಗೆ ಹಾಕಿದ್ದಾರೆ.

ಒಳಗೆ ಕಾಲಿಟ್ಟರೆ ಮೈ ನಡುಗುವಷ್ಟು ಚಳಿ. ಎದುರಿದ್ದವರ ಮಾತೂ ಕೇಳಿಸದಷ್ಟು ಫ್ಯಾನುಗಳ ಸದ್ದು. ಆಳೆತ್ತರದ ಕಬ್ಬಿಣದ ಕಪಾಟುಗಳು ಸಾಲಾಗಿ ನಿಂತಿವೆ. ಒಂದೊಂದರಲ್ಲೂ ತಟ್ಟೆ ಪೇರಿಸಿದಂತೆ ಕಂಪ್ಯೂಟರುಗಳು. ಎಲ್ಲವನ್ನೂ ತಂತಿಗಳಿಂದ ಹೆಣೆದು ಒಂದೇ ಯಂತ್ರದಂತೆ ದುಡಿಸುತ್ತಾರೆ. ಇದಕ್ಕೆ ಕ್ಲಸ್ಟರ್ ಎನ್ನುತ್ತಾರೆ. ಕೆಳಗಿನ ಮಹಡಿಯಲ್ಲಿ ಗಡ್ಡೆಗಳಿಗೆ ಕಿರಣ ಚಿಕಿತ್ಸೆ ನಡೆಯುತ್ತದೆ. ಕಿರಣ ಎಲ್ಲಿ ಬೀಳಬೇಕು, ಎಷ್ಟು ಬೀಳಬೇಕು, ಎಲ್ಲಿ ಬೀಳಲೇಬಾರದು ಎಂಬ ಲೆಕ್ಕವನ್ನು ಈ ಯಂತ್ರಗಳು ಪಾಲು ಹಂಚಿಕೊಂಡು ಮಾಡುತ್ತವೆ. ಪಾಲುಗಾರರಲ್ಲಿ ಒಬ್ಬ ತಪ್ಪಿದರೂ ಮೊತ್ತ ತಪ್ಪುತ್ತದೆ.

ಈ ಪಾಲುಗಾರರನ್ನು ಪರೀಕ್ಷಿಸುವುದು ಆಕೆಯ ಕೆಲಸ. ಯಾವುದೇ ಯಂತ್ರಕ್ಕೆ ಹೊಸ ಭಾಗ ಹಾಕಲಿ, ರಿಪೇರಿಯಾಗಿ ಬರಲಿ, ಅದಕ್ಕೆ ಪರೀಕ್ಷೆಯ ತಂತ್ರಾಂಶ ತುಂಬಿ, ದುಡಿಸಿ, ಸೈ ಎನ್ನಿಸಿಕೊಂಡ ಮೇಲೆಯೇ ಅದು ಉಳಿದವರ ಸಾಲಿಗೆ ಸೇರುತ್ತದೆ. ಕಟ್ಟಡದಲ್ಲಿ ಎಲ್ಲರೂ ಆಕೆಯನ್ನು ಪರೀಕ್ಷೆಯಮ್ಮ ಎಂದೇ ಕರೆಯುತ್ತಾರೆ. ಮೊದಮೊದಲು ಅದು ಚುಚ್ಚುಮಾತಾಗಿತ್ತು. ಈಗ ಬೇರೆ ಹೆಸರಿತ್ತೆಂಬುದೇ ಹಲವರಿಗೆ ಮರೆತುಹೋಗಿದೆ.

ಆಕೆ ಕೂತು ಪರದೆ ನೋಡುವುದಕ್ಕಿಂತ ಕಪಾಟುಗಳ ಹಿಂದೆ ಓಡಾಡುವುದೇ ಹೆಚ್ಚು. ಪರೀಕ್ಷೆ ಶುರುವಾದ ಸ್ವಲ್ಪ ಹೊತ್ತಿಗೆ ಎದ್ದು ಹಿಂದೆ ಹೋಗುತ್ತಾರೆ. ಪ್ರತಿ ಯಂತ್ರದ ಬೆನ್ನಿಗೂ ಬಲ ಅಂಗೈ ಒಡ್ಡಿ, ಕ್ಷಣ ನಿಂತು ಮುಂದಕ್ಕೆ ಸರಿಯುತ್ತಾರೆ. ಮಲಗಿದ ಮಕ್ಕಳ ಉಸಿರು ನೋಡುವ ತಾಯಂದಿರು ಹೀಗೆಯೇ ಕೈ ಹಿಡಿಯುತ್ತಾರೆ.

"ಮೈ ಬಗ್ಗಿಸಿ ದುಡಿಯೋ ಯಂತ್ರ ಬಿಸಿ ಗಾಳಿ ಬಿಡ್ತದೆ. ಸುಮ್ನೆ ಕೂತಿರೋದು ತಣ್ಣಗಿರ್ತದೆ. ಬಾಯಲ್ಲಿ ಏನಾದ್ರೂ ಹೇಳ್ಲಿ, ಬೆನ್ನು ಸುಳ್ಳು ಹೇಳಲ್ಲ" ಎನ್ನುತ್ತಾರೆ.

ಆಕೆಯ ಮೊದಲ ಕೆಲಸ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಒಂದೊಂದೇ ಲೈನು ಮುಟ್ಟಿ, ಸದ್ದು ಕಳಿಸಿ, ಅದೇ ಸದ್ದು ತಿರುಗಿ ಬರುತ್ತದೆಯೇ ಎಂದು ಕೇಳುವ ಕೆಲಸ. ಎಕ್ಸ್‌ಚೇಂಜು ಮುಚ್ಚಿದಾಗ ಜೊತೆಯವರೆಲ್ಲ ದಿಕ್ಕಾಪಾಲಾದರು. ಆಕೆ ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಲೇ ತಾವೂ ಸಂಜೆಯ ತರಗತಿಗೆ ಸೇರಿದರು. ಮಕ್ಕಳ ತಂದೆ ಆ ಹೊತ್ತಿಗಾಗಲೇ ತೀರಿಕೊಂಡಿದ್ದರು. "ತರಗತೀಲಿ ನಾನೇ ದೊಡ್ಡೋಳು. ಮೇಷ್ಟ್ರು ಒಳಗೆ ಬಂದೋರು ನನ್ನ ನೋಡಿ, ಯಾರದೋ ತಾಯಿ ಅಂದ್ಕೊಂಡು, ಕೂತ್ಕೊಳ್ಳಿ ನಿಮ್ಮ ಮಗನ್ನ ಕರೀತೀನಿ ಅಂದ್ರು" ಎಂದು ಈಗ ನಗುತ್ತಾರೆ. ಅಲ್ಲಿ ಕಲಿತದ್ದು ಬಹಳವಿದ್ದರೂ, ಎಕ್ಸ್‌ಚೇಂಜಿನ ಪಾಠವೇ ಇಂದಿಗೂ ಕೈ ಹಿಡಿದಿದೆಯಂತೆ. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಯನ್ನು ಕೇಳಬೇಕು. ಒಮ್ಮೆಯಲ್ಲ, ದಣಿಯುವವರೆಗೂ ಕೇಳಬೇಕು. ತಣ್ಣಗಿದ್ದಾಗ ಸರಿಯಾಗಿ ಹೇಳಿದ್ದನ್ನು ಮೈ ಕಾದಾಗ ತಪ್ಪಾಗಿ ಹೇಳುವ ಯಂತ್ರಗಳಿವೆ. ಮನುಷ್ಯರಲ್ಲೂ ಇಲ್ಲವೆಂದಲ್ಲ.

ಕೆಳಗಿನ ಮಹಡಿಯ ಬೆಂಚುಗಳ ಬಗ್ಗೆ ಒಂದು ಮಾತು ಹೇಳಬೇಕು. ಕಾಯುವವರ ಬೆಂಚು ಎಲ್ಲ ಆಸ್ಪತ್ರೆಗಳಲ್ಲೂ ಒಂದೇ ತೆರನಾಗಿರುತ್ತದೆ. ಅಲ್ಲಿ ಕೂತವರು ಗೋಡೆಯ ಬಿರುಕನ್ನೂ ನೆಲದ ಕಲೆಯನ್ನೂ ಬಾಯಿಪಾಠ ಮಾಡಿಕೊಂಡಿರುತ್ತಾರೆ. ತುಟಿ ಅಲುಗುತ್ತಿದ್ದರೆ ಅದು ಪ್ರಾರ್ಥನೆಯೆಂದು ಪಕ್ಕದವರಿಗೆ ತಿಳಿಯುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಜೊತೆಗೆ ಬಂದವರನ್ನು ಬಿಟ್ಟು ಒಬ್ಬರೇ ಮನೆಗೆ ಹೋಗಬೇಕಾದವರಿಗೆ ಆ ಬೆಂಚು ಕೊನೆಯವರೆಗೂ ಮರೆಯುವುದಿಲ್ಲ. ಪರೀಕ್ಷೆಯಮ್ಮ ತಮ್ಮ ಗಂಡನಿಗಾಗಿ ಅದರ ಮೇಲೆ ಕೂತಿದ್ದವರು. ಎರಡು ವರ್ಷದ ಹಿಂದೆ ಅದೇ ಬೆಂಚಿನ ಮೇಲೆ ಅವರ ತಂಗಿ ಬಂದು ಕೂತಳು.

ತಂಗಿ ದರ್ಜಿ. ಬಸ್ ನಿಲ್ದಾಣದ ಎದುರಿನ ಸಣ್ಣ ಅಂಗಡಿಯಲ್ಲಿ ಎಡಬಿಡದೆ ಹೊಲಿಯುವವಳು, ಎದುರು ನಿಂತವರ ಅಳತೆಯನ್ನು ಟೇಪು ಮುಟ್ಟದೆ ಹೇಳುವವಳು. ಅವಳ ಬಲಗಣ್ಣಿನ ಹಿಂದೆ ಗಡ್ಡೆಯೊಂದು ಬೆಳೆದಿತ್ತು. ಕಣ್ಣಿನ ನರಕ್ಕೂ ಗಡ್ಡೆಗೂ ನಡುವೆ ಇದ್ದದ್ದು ಕೂದಲೆಳೆಯ ಜಾಗ. ಡಾಕ್ಟರು ಎರಡು ಮಾತು ಹೇಳಿದ್ದರು: ತಡ ಮಾಡಿದರೆ ಗಡ್ಡೆ ನರವನ್ನು ಒತ್ತುತ್ತದೆ, ಕಿರಣ ಜಾಗ ತಪ್ಪಿದರೆ ನರವನ್ನು ಸುಡುತ್ತದೆ. ಎರಡರಲ್ಲೂ ಹೋಗುವುದು ಕಣ್ಣೇ.

ಅವಳ ಸರದಿ ಬರುವ ಹೊತ್ತಿಗೇ ಕ್ಲಸ್ಟರಿಗೆ ಹೊಸ ಮೆಮೊರಿ ಹಲಗೆಗಳನ್ನು ಹಾಕಿದರು. ಎಲ್ಲ ಯಂತ್ರಗಳನ್ನೂ ಮತ್ತೆ ಪರೀಕ್ಷಿಸಬೇಕಾಯಿತು. ಪರೀಕ್ಷೆಯಮ್ಮನ ರೂಢಿಯೆಂದರೆ ಒಂದೊಂದು ಯಂತ್ರಕ್ಕೂ ಅದರದೇ ಡಿಸ್ಕಿನಲ್ಲಿ ತಂತ್ರಾಂಶ ತುಂಬುವುದು, ಫಲಿತಾಂಶ ಬರೆಯಲು ಅದರದೇ ಜಾಗ ಕೊಡುವುದು. ನಿಧಾನದ ಕೆಲಸ. ಆದರೆ ಮಾರನೆಯ ಬೆಳಗಿನ ಮೊದಲ ಲೆಕ್ಕವೇ ತಂಗಿಯದು. ಆ ಮಧ್ಯಾಹ್ನ ಆಕೆ ಎಂದೂ ಮಾಡದ್ದನ್ನು ಮಾಡಿದರು. ಎಲ್ಲ ಯಂತ್ರಗಳೂ ಕೈ ಹಾಕಬಹುದಾದ ಹಂಚಿಕೆಯ ಡಿಸ್ಕೊಂದಿದೆ. ತಂತ್ರಾಂಶವನ್ನು ಅಲ್ಲಿ ಒಂದೇ ಸಲ ಇಟ್ಟು, ಎಲ್ಲರೂ ಅಲ್ಲಿಂದಲೇ ಓಡಿಸಿಕೊಳ್ಳಲಿ ಎಂದುಬಿಟ್ಟರು.

ಬೆಳಗಾಗುವಷ್ಟರಲ್ಲಿ ಗೋಡೆಯ ಪರದೆಯ ತುಂಬ ಹಸಿರು ದೀಪಗಳು. ಒಂದೂ ಕೆಂಪಿಲ್ಲ. ಯಂತ್ರಗಳು ಪರೀಕ್ಷೆಯ ಕೊನೆಯ ಸುತ್ತಿನಲ್ಲಿ ಇನ್ನೂ ಓಡುತ್ತಿದ್ದವು. ಕಿರಣದ ಲೆಕ್ಕ ನೋಡುವ ಭೌತವಿಜ್ಞಾನಿಯನ್ನು ಎಲ್ಲರೂ ಲೆಕ್ಕದ ಡಾಕ್ಟರು ಎನ್ನುತ್ತಾರೆ. ಅವರು ಬಂದು ನೋಡಿ ಸಮಾಧಾನದ ಉಸಿರು ಬಿಟ್ಟರು. "ಶುರು ಮಾಡೋಣ್ವಾ ಅಮ್ಮ?" ಎಂದರು. "ಒಂದು ಸುತ್ತು ಬಂದುಬಿಡ್ತೀನಿ ಸರ್" ಎಂದು ಆಕೆ ಹಿಂದೆ ಹೋದರು.

ಆಗ ಆಕೆ ತೊಡುತ್ತಿದ್ದದ್ದು ಆಸ್ಪತ್ರೆಯವರು ಕೊಟ್ಟ ಗಂಡಸರ ಅಳತೆಯ ಕೋಟು. ತೋಳು ಬೆರಳ ತುದಿಯವರೆಗೂ ಜಾರುತ್ತಿತ್ತು. ಮಡಿಸಿ ಮೇಲೇರಿಸುತ್ತ, ಜಾರಿದ್ದನ್ನು ಮತ್ತೆ ಏರಿಸುತ್ತ, ಕೈ ಒಡ್ಡುತ್ತ ಸಾಗಿದರು. ಬಿಸಿ, ಬಿಸಿ, ಬಿಸಿ. ಮೂರನೆಯ ಸಾಲಿನ ನಡುವೆ ಒಂದು ತಣ್ಣಗಿತ್ತು. ತೋಳು ಅಡ್ಡ ಬಂತೇನೋ ಎಂದು ಪೂರ್ತಿ ಮೇಲೆಳೆದುಕೊಂಡು ಮತ್ತೆ ಹಿಡಿದರು. ತಣ್ಣಗೇ ಇತ್ತು.

ಏನಾಗಿದೆಯೆಂದು ನಿಂತಲ್ಲೇ ಹೊಳೆಯಿತು. ಎಲ್ಲ ಯಂತ್ರಗಳೂ ಒಂದೇ ಜಾಗದಲ್ಲಿ, ಒಂದೇ ಹೆಸರಿನಲ್ಲಿ ಫಲಿತಾಂಶ ಬರೆದಿದ್ದವು. ತರಗತಿಗೆಲ್ಲ ಒಂದೇ ಸ್ಲೇಟು ಕೊಟ್ಟಂತೆ: ಒಬ್ಬ ಬರೆದದ್ದನ್ನು ಒರೆಸಿ ಇನ್ನೊಬ್ಬ ಬರೆದ, ಮೇಷ್ಟರ ಕಣ್ಣಿಗೆ ಬಿದ್ದದ್ದು ಕೊನೆಯವನ ಉತ್ತರ ಮಾತ್ರ. ಈ ಒಂದು ಯಂತ್ರ ನಡುವೆಯೇ ಮುಗ್ಗರಿಸಿ, ತಪ್ಪೆಂದು ಬರೆದು, ಪರೀಕ್ಷೆ ನಿಲ್ಲಿಸಿ ತಣ್ಣಗೆ ಕೂತಿತ್ತು. ಅದು ಬರೆದ ತಪ್ಪನ್ನು ಪಕ್ಕದವರ ಸರಿ ಒರೆಸಿಹಾಕಿತ್ತು.

"ಏನಾಯ್ತಮ್ಮ? ಎಲ್ಲಾ ಹಸಿರಿದೆಯಲ್ಲ?" ಲೆಕ್ಕದ ಡಾಕ್ಟರು ಹಿಂದೆಯೇ ಬಂದಿದ್ದರು.

"ಹಸಿರಿದೆ ಸರ್. ಬಿಸಿ ಇಲ್ಲ."

ಅವರು ತಮ್ಮ ಕೈಯನ್ನೂ ಒಡ್ಡಿ ನೋಡಿದರು. "ಮೊದಲನೇದು ನಿಮ್ಮ ತಂಗೀದೇ ಅಲ್ವಾ?" ಎಂದರು.

"ಹೌದು. ಅದಕ್ಕೇ ಈ ಎಡವಟ್ಟಾಗಿದ್ದು. ಎಲ್ಲಾನೂ ಮೊದಲಿಂದ ಹಾಕ್ಬೇಕು. ಇವತ್ತಂತೂ ಆಗಲ್ಲ, ನಾಳೆ ಮಾತೂ ಕೊಡಲ್ಲ."

ಲೆಕ್ಕ ಮುಗಿದ ಮೇಲೆ ಬೇರೆ ತಪಾಸಣೆಗಳೂ ಇರುತ್ತವೆ, ಅಲ್ಲಿ ತಪ್ಪು ಸಿಕ್ಕಿಬೀಳಬಹುದಿತ್ತು ಎಂದು ಈಗ ಯಾರಾದರೂ ಹೇಳಿದರೆ ಆಕೆ ತಲೆಯಾಡಿಸುತ್ತಾರೆ. "ಮುಂದಿನವರು ಹಿಡೀತಾರೆ ಅಂತ ನಾನು ಬಿಟ್ರೆ, ಹಿಂದಿನವರು ಹಿಡಿದಿರ್ತಾರೆ ಅಂತ ಅವರು ಬಿಡ್ತಾರೆ."

ವಿಷಯ ತಿಳಿಸುವುದು ಆಕೆಯ ಕೆಲಸವಲ್ಲ. ಆದರೂ ತಾವೇ ಮೆಟ್ಟಿಲಿಳಿದು ಹೋದರು. ತಂಗಿ ಆಸ್ಪತ್ರೆಯ ಗೌನು ತೊಟ್ಟು ಬೆಂಚಿನ ಮೇಲೆ ಕೂತು, ಅದರ ಹೊಲಿಗೆಯನ್ನು ಪಕ್ಕದವರಿಗೆ ತೋರಿಸಿ ಆಡಿಕೊಳ್ಳುತ್ತಿದ್ದಳು. "ಇದನ್ನ ಹೊಲಿದೋನು ಕೈಲಿ ಹೊಲಿದ್ನೋ ಕಾಲಲ್ಲಿ ಹೊಲಿದ್ನೋ!" ಎಂದವಳು ಅಕ್ಕನ ಮುಖ ಕಂಡು ಹಿಡಿದಿದ್ದ ಅಂಚನ್ನು ಕೈಬಿಟ್ಟಳು.

"ಇವತ್ತಿಲ್ಲ ಕಣೇ."

"ಗೊತ್ತಾಯ್ತು. ನರ್ಸು ಈಗ ಹೇಳಿಹೋದ್ಲು, ಯಂತ್ರ ಕೆಟ್ಟಿದೆ ಅಂತ."

"ಕೆಟ್ಟಿರೋ ಯಂತ್ರ ಒಂದಿದೆ, ನಿಜ. ಕೆಲಸ ಕೆಡಿಸಿದ್ದು ಮಾತ್ರ ನಾನು. ನಿನ್ನ ಸರದಿ ಅಂತ ಅವಸರ ಬಿದ್ದೆ." ನಡೆದದ್ದನ್ನು ಹೇಳಿದರು.

ತಂಗಿಯ ಗಂಡ ಬಸ್ ಡ್ರೈವರು, ಮಿತಭಾಷಿ. ಅಂದು ಅವನಿಗೆ ತಡೆಯಲಾಗಲಿಲ್ಲ. "ಅಷ್ಟೊಂದು ಯಂತ್ರದಲ್ಲಿ ಒಂದು ತಾನೆ ಕೆಟ್ಟಿರೋದು? ಒಂದು ದಿನಾನೂ ತಡ ಮಾಡ್ಬೇಡಿ ಅಂತ ಡಾಕ್ಟರು ಹೇಳಿದ್ದು ನೀವೂ ಕೇಳಿಸ್ಕೊಂಡಿದ್ರಿ. ಸುಮ್ನೆ ಇದ್ದಿದ್ರೆ ಏನಾಗ್ತಿತ್ತು?"

"ಏನೂ ಆಗದೇನೂ ಇರಬಹುದಿತ್ತು. ಅದು ನನಗೆ ಗೊತ್ತಿಲ್ಲ. ಗೊತ್ತಿಲ್ಲದೆ ಸರಿ ಅಂತ ಹ್ಯಾಗೆ ಹೇಳ್ಲಿ?"

ಅವನು ಎದ್ದು ಕಿಟಕಿಯ ಬಳಿ ಹೋಗಿ ನಿಂತ. ಮುಂದೆ ಬಹಳ ದಿನ ಅವನು ಆಕೆಯೊಂದಿಗೆ ಮಾತು ಬಿಟ್ಟಿದ್ದ. ತಂಗಿ ಅಕ್ಕನ ಕೈ ಹಿಡಿದುಕೊಂಡಳು. ಜಾರಿ ಇಳಿದಿದ್ದ ಕೋಟಿನ ತೋಳನ್ನು ತಾನೇ ಮಡಿಸಿ ಮೇಲೇರಿಸುತ್ತ ಕೇಳಿದಳು:

"ಎಲ್ಲಾನೂ ಬಿಚ್ಚಿ ಮತ್ತೆ ಹೊಲೀಬೇಕಾ?"

"ಎಲ್ಲಾನೂ."

"ಹಾಗಿದ್ರೆ ಇಲ್ಲೇನು ಕಡಿದು ಕಟ್ಟೆ ಹಾಕ್ತಿದ್ದೀಯ? ಹೋಗು."

ಆಕೆ ಮತ್ತೆ ಮೊದಲ ಯಂತ್ರದಿಂದ ಶುರು ಮಾಡಿದರು. ಒಂದೊಂದರಲ್ಲೂ ತಂತ್ರಾಂಶ ತುಂಬಿ, ಒಂದೊಂದಕ್ಕೂ ಅದರದೇ ಜಾಗ ಕೊಟ್ಟು, ಕಾಯಿಸಿ, ಕೇಳಿ, ಮತ್ತೆ ಕೇಳಿ. ಆ ತಣ್ಣನೆಯ ಯಂತ್ರ ಮೈ ಕಾದಾಗಲೆಲ್ಲ ತಪ್ಪು ಹೇಳಿತು. ಕೊನೆಯ ಸಾಲಿನಲ್ಲಿ ಅಂಥದೇ ಇನ್ನೊಂದು ಸಿಕ್ಕಿತು. ಎರಡನ್ನೂ ಕಳಚಿ ಹೊರಗಿಟ್ಟರು. ತಂತ್ರಾಂಶ ಓಡುತ್ತಿದ್ದಷ್ಟು ಹೊತ್ತೂ ಆಕೆಗಿದ್ದದ್ದು ಒಂದೇ ಬೇಡಿಕೆ. "ದೇವರೇ, ಅವಳ ಕಣ್ಣು ಕೊಡು ಅಂತ ಕೇಳಲಿಲ್ಲ. ಅದನ್ನ ಕೇಳೋ ಮುಖ ನನಗಿರಲಿಲ್ಲ. ಈ ತಡದಿಂದ ಅದು ಹೋಗೋದು ಬೇಡ ಅಂದೆ, ಅಷ್ಟೇ."

ತಂಗಿಯ ಚಿಕಿತ್ಸೆ ಆ ವಾರದ ಕೊನೆಗೆ ಶುರುವಾಗಿ, ಹೇಳಿದಷ್ಟು ದಿನ ನಡೆದು ಮುಗಿಯಿತು. ಗಡ್ಡೆ ಕುಗ್ಗಿತು. ಕಣ್ಣು ಉಳಿಯಿತು, ಪೂರ್ತಿಯಲ್ಲ. ನೋಟದ ಬಲ ಅಂಚಿನಲ್ಲಿ ಒಂದು ನೆರಳು ನಿಂತುಬಿಟ್ಟಿದೆ. ಅದು ಗಡ್ಡೆಯೇ ಮೊದಲು ಮಾಡಿದ ಹಾನಿ, ತಡದಿಂದಾದದ್ದಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಪರೀಕ್ಷೆಯಮ್ಮ ಅದನ್ನು ಕೇಳಿಸಿಕೊಂಡಿದ್ದಾರೆ. ಅಂದಿನಿಂದ ಹಂಚಿಕೆಯ ಡಿಸ್ಕಿನ ದಾರಿಯನ್ನು ಅವರು ತುಳಿದಿಲ್ಲ, ಯಾರಿಗೂ ತುಳಿಯಗೊಟ್ಟಿಲ್ಲ.

ತಂಗಿ ಈಗ ತಲೆಯನ್ನು ಸ್ವಲ್ಪ ಓರೆ ಮಾಡಿಕೊಂಡು ಹೊಲಿಯುತ್ತಾಳೆ. ಮತ್ತೆ ಮಿಷನ್ನಿನ ಮುಂದೆ ಕೂತ ದಿನ ಅವಳು ಮೊದಲು ಕೈಗೆತ್ತಿಕೊಂಡದ್ದು ಅಕ್ಕನ ಕೋಟನ್ನು. ಭುಜ ಬಿಚ್ಚಿ ಅಳತೆಗೆ ತಂದಳು. ಆಮೇಲೆ ಕತ್ತರಿ ತೆಗೆದುಕೊಂಡು ಬಲತೋಳನ್ನು ಕತ್ತರಿಸಿಯೇ ಬಿಟ್ಟಳು. "ಅಯ್ಯೋ, ಏನೇ ಮಾಡ್ತಿದ್ದೀಯ!" ಎಂದು ಅಕ್ಕ ಕೂಗಿಕೊಂಡರೆ, "ಆ ಕೈಗೆ ಬಟ್ಟೆ ಅಡ್ಡ ಬರಬಾರದು" ಎಂದಳಂತೆ. ಅವಳ ಗಂಡ ಪಕ್ಕದಲ್ಲೇ ಇದ್ದ. ಕೆಳಗೆ ಬಿದ್ದ ತುಂಡನ್ನು ಎತ್ತಿ, "ನಿಮ್ಮಕ್ಕನಿಗೆ ಚಳಿ ಆಗಲ್ವಾ?" ಎಂದ. ಅಷ್ಟು ದಿನಗಳ ಮೇಲೆ ಅವನು ಆಕೆಯ ಬಗ್ಗೆ ಆಡಿದ ಮೊದಲ ಮಾತು ಅದು.

ಮುಂದಿನ ವರ್ಷ ಪರೀಕ್ಷೆಯಮ್ಮ ನಿವೃತ್ತರಾಗುತ್ತಾರೆ. ಅಷ್ಟರಲ್ಲಿ ಹೊಸ ಕ್ಲಸ್ಟರ್ ಬರಲಿದೆ. ಅದನ್ನು ತಣ್ಣಗಿಡಲು ಫ್ಯಾನುಗಳಿಲ್ಲ, ಕೊಳವೆಯಲ್ಲಿ ನೀರು ಹರಿಯುತ್ತದೆ. ಬೆನ್ನ ಹಿಂದೆ ಗಾಳಿಯೇ ಬರುವುದಿಲ್ಲ. ಆಗ ಕೈ ಎಲ್ಲಿಡುತ್ತೀರಿ ಎಂದರೆ, ಇದನ್ನು ಎಂದೋ ಯೋಚಿಸಿಟ್ಟವರಂತೆ ತಟ್ಟನೆ ಹೇಳುತ್ತಾರೆ: "ಪೈಪಿನ ಮೇಲೆ. ಒಳಗೆ ಹೋಗೋ ಪೈಪು ತಣ್ಣಗಿರ್ತದೆ, ಹೊರಗೆ ಬರೋದು ಬಿಸಿ ಇರ್ಲೇಬೇಕು. ನನಗಿರೋದು ಒಂದೇ ಆಸೆ. ನನ್ನ ಜಾಗಕ್ಕೆ ಬರೋರು ಪರದೆ ನೋಡೋಕೆ ಮುಂಚೆ ಅದನ್ನ ಮುಟ್ಟಿ ನೋಡ್ಲಿ."

ಹಾಗಾದರೆ ಹೋಗುವಾಗ ಈ ಕೋಟನ್ನು ಅವರಿಗೇ ಕೊಟ್ಟು ಹೋಗುತ್ತೀರಾ?

ಆಕೆ ಕತ್ತರಿಸಿದ ತೋಳಿನ ಅಂಚನ್ನು ಹೆಬ್ಬೆರಳಿನಿಂದ ಸವರಿಕೊಳ್ಳುತ್ತಾರೆ. ನಾಲ್ಕನೆಯ ಸಾಲಿನ ಫ್ಯಾನುಗಳ ಸದ್ದು ಏರುತ್ತಿದೆ. ಯಂತ್ರಗಳ ಮೈ ಕಾಯತೊಡಗಿದೆ.

"ಇದನ್ನ ಕೊಡಲ್ಲ" ಎನ್ನುತ್ತ ಕಪಾಟುಗಳ ಹಿಂದಕ್ಕೆ ಹೊರಡುತ್ತಾರೆ. "ಬೇಕಿದ್ರೆ ಹೋಗಿ ನನ್ನ ತಂಗಿ ಮುಂದೆ ನಿಂತ್ಕೊಳ್ಲಿ. ಟೇಪು ಇಲ್ದೆ ಅಳತೆ ಹೇಳ್ತಾಳೆ, ಈಗ್ಲೂ."