ಹಣೆಯ ಮೇಲಿನ ರೂಪಾಯಿ

ಪುಟ್ಟೇಗೌಡರ ಶವದ ಹಣೆಯ ಮೇಲೆ ಶಾಸ್ತ್ರಕ್ಕೆಂದು ಇಟ್ಟಿದ್ದ ಬೆಳ್ಳಿ ರೂಪಾಯಿಯನ್ನು ಅವರ ಅಣ್ಣ ಸರಕ್ಕನೆ ತೆಗೆದುಬಿಟ್ಟರು.

“ಒಡ್ದೋಗಿರೋ ಕಾಸ್ನ ಸತ್ತೋರ ಅಣೆಗೆ ಇಕ್ತಾರೇನವ್ವಾ? ಬ್ಯಾರೇದು ತತ್ತಾ,” ಎಂದು ತಮ್ಮನ ಹೆಂಡತಿ ನಂಜಮ್ಮನಿಗೆ ಹೇಳಿ, ಅದನ್ನು ನನ್ನ ಕೈಗೆ ಹಾಕಿದರು. “ನೀವೇ ಮಡಿಕ್ಕಳಿ ಮೇಷ್ಟ್ರೇ.”

ಅರಕಲಗೂಡಿಗೆ ನಯಾಪೈಸೆ ಹೊಸದಾಗಿ ಬಂದಿದ್ದ ದಿನಗಳವು. ಹಳೆಯ ನಾಣ್ಯ ಕೂಡಿಡುವ ಹುಚ್ಚು ಪುಟ್ಟೇಗೌಡರಿಗೂ ನನಗೂ ಇತ್ತು. ಈ ರೂಪಾಯಿಯ ಅಂಚಿನಿಂದ ರಾಜನ ಕೆನ್ನೆಯವರೆಗೆ ಕೂದಲೆಳೆಯಂಥ ಗೆರೆಯೊಂದಿತ್ತು. ಎಷ್ಟು ಕೇಳಿದರೂ ಅವರು ನನಗೆ ಕೊಟ್ಟಿರಲಿಲ್ಲ. ಈಗ ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಆದರೆ ನಂಜಮ್ಮ ತಲೆ ತಗ್ಗಿಸಿ ನಿಂತಿದ್ದರು. ಗಂಡನ ಅಚ್ಚುಮೆಚ್ಚಿನ ಕಾಸೆಂದೇ ಹುಡುಕಿ ತಂದು ಇಟ್ಟಿದ್ದರು. ನಾನು ಅಣ್ಣನ ಹೆಬ್ಬೆರಳು ಹಿಡಿದು ಆ ಗೆರೆಯ ಮೇಲೆ ಆಡಿಸಿದೆ.

“ನೋಡಿ ಗೌಡ್ರೇ, ಒಡೆದಿದ್ರೆ ಗೆರೆ ತಗ್ಗಾಗಿರೋದು. ಇದು ಉಬ್ಬಿದೆ. ಬಿರುಕು ಬಿಟ್ಟಿದ್ದು ಟಂಕಸಾಲೆಯ ಅಚ್ಚು. ಅದರಲ್ಲಿ ಒತ್ತಿದ್ದಕ್ಕೆ ಬೆಳ್ಳಿ ಹೀಗೆ ಎದ್ದಿದೆ. ಕಾಸು ಗಟ್ಟಿಯಾಗೇ ಇದೆ.”

ಅವರು ಇನ್ನೊಮ್ಮೆ ಸವರಿ ನೋಡಿದರು. ಅದನ್ನು ಮತ್ತೆ ತಮ್ಮನ ಹಣೆಯ ಮೇಲಿಟ್ಟರು. ಇಟ್ಟ ಕೈಯನ್ನು ಮಾತ್ರ ತೆಗೆಯಲಾಗಲಿಲ್ಲ. ಅಲ್ಲೇ ಕುಸಿದು ಅತ್ತರು.

ರೂಪಾಯಿ ಪುಟ್ಟೇಗೌಡರ ಜೊತೆಗೇ ಮಣ್ಣಿಗೆ ಹೋಯಿತು. ಎಂದಾದರೂ ಕೊಟ್ಟಾರೆಂದು ನನ್ನ ನಾಣ್ಯದ ಪೆಟ್ಟಿಗೆಯಲ್ಲಿ ಅದಕ್ಕೊಂದು ಗುಳಿ ಬಿಟ್ಟಿದ್ದೆ. ಅಲ್ಲಿ ಬೇರೆ ನಾಣ್ಯ ಇಡಲು ಇವತ್ತಿಗೂ ಮನಸ್ಸು ಒಪ್ಪಿಲ್ಲ.