ಮೂರೂವರೆ ಗ್ರಾಂ

ನಿಪ್ಪಾಣಿಯ ರೇಡಿಯೊ ರಿಪೇರಿ ಅಂಗಡಿಯವರ ಮುಂದೆ, ಹೋದ ವರ್ಷ ತೀರಿಕೊಂಡ ನನ್ನ ಹೆಂಡತಿಯ ರೆಕಾರ್ಡ್ ಪ್ಲೇಯರ್ ಇಟ್ಟು, "ಇದನ್ನ ತಗೊಂಡು, ತೋಳಿನ ಭಾರ ಹೆಚ್ಚು ಕಮ್ಮಿ ಮಾಡಾಕ ಬರೂವಂಥಾದ್ದು ಒಂದು ಕೊಡ್ರಿ," ಎಂದೆ.

ಸೂಜಿ ಹಿಡಿದಿರುವ ಇದರ ತೋಳನ್ನು ಕಂಪನಿಯಲ್ಲೇ ಬಿಗಿದಿದ್ದಾರೆ, ಹೊಂದಿಸಿಕೊಳ್ಳಲು ತಿರುಪಿಲ್ಲ. ಅಂಥ ತೋಳು ರೆಕಾರ್ಡನ್ನು ಸವೆಸುತ್ತದೆ ಎಂದು ಮೊಬೈಲಿನಲ್ಲಿ ಓದಿದ್ದೆ. ಅವಳ ಆರು ರೆಕಾರ್ಡುಗಳು ಹಾಳಾಗಬಾರದಿತ್ತು. ನಾನು ಕಲಿಸುವ ಶಾಲೆಯ ಪ್ರಯೋಗಾಲಯದ ತಕ್ಕಡಿ ತಂದು ಸೂಜಿಯ ಭಾರವನ್ನೂ ನೋಡಿದ್ದೆ: ಮೂರೂವರೆ ಗ್ರಾಂ. ಇದನ್ನೆಲ್ಲ ಅವರಿಗೆ ಹೇಳಿದೆ.

ಅಂಗಡಿಯವರು ಕನ್ನಡಕ ಏರಿಸಿಕೊಂಡು ಸೂಜಿ ನೋಡಿದರು. "ಈ ಸೂಜಿಗೆ ಅಷ್ಟ ಭಾರ ಬೇಕ್ರಿ. ಬ್ಯಾರೆ ಬ್ಯಾರೆ ಸೂಜಿ ಹಾಕಾವ್ರಿಗೆ ತಿರುಪು ಬೇಕಾಗ್ತೈತಿ. ನೀವು ಬದಲಿ ಮಾಡ್ತೀರೇನು?"

"ಇಲ್ರಿ."

"ಮತ್ತ ಸೂಜಿ ಜಿಗಿದು ಹಾಡು ಎಲ್ಲಿ ಹಾರತೈತಿ?"

ನನಗೆ ಗೊತ್ತಿರಲಿಲ್ಲ.

"ತೂಗೀರಿ, ಖರೆ. ಹಾಡು ಕೇಳೀರೇನ್ರಿ ಮಾಸ್ತರ?"

ಅವಳು ಹೋದ ಮೇಲೆ ಒಮ್ಮೆಯೂ ಕೇಳಿರಲಿಲ್ಲ. ಚೀಲದಲ್ಲಿದ್ದ ಒಂದು ರೆಕಾರ್ಡ್ ತೆಗೆದು ಕೊಟ್ಟೆ.

ಅವರು ಧೂಳು ಒರೆಸಿ ಪ್ಲೇಯರಿಗೆ ಹಚ್ಚಿದರು. ಹಾಡು ಎಲ್ಲಿಯೂ ಹಾರಲಿಲ್ಲ. ರಿಪೇರಿಗೆ ಕೊಟ್ಟಿದ್ದ ಮಿಕ್ಸರ್ ಒಯ್ಯಲು ಬಂದ ಮುದುಕಿಯೊಬ್ಬರು ಕಟ್ಟೆಯ ಮೇಲೆ ಕೂತು ಪೂರ್ತಿ ಕೇಳಿದರು. ನಾನೂ ಕೇಳಿದೆ. ಕೇಳಲು ಆಗುತ್ತದೆ ಎಂದು ಅಂದುಕೊಂಡಿರಲಿಲ್ಲ.

ಇದೇ ಇರಲಿ ಎಂದು ಹೇಳಿ ಪ್ಲೇಯರ್ ಎತ್ತಿಕೊಳ್ಳಲು ಹೋದೆ. ಮುದುಕಿ ಕೈ ಅಡ್ಡ ಹಿಡಿದರು. "ತಡೀರಿ ತಮ್ಮಾ, ತಿರುವಿ ಆ ಮಗ್ಗಲಾನೂ ಹಚ್ರಿ. ನನ್ನ ಮಿಕ್ಸರ್‌ದು ಏನ್ ಗಡಿಬಿಡಿ ಇಲ್ಲ."

ತೋಳಿಗೆ ತಿರುಪು ಇದೆಯೋ ಇಲ್ಲವೋ ಎಂದು ಆ ಮುದುಕಿ ಕೇಳಲಿಲ್ಲ.