ಮೊಣಕೈ ಮೇಡಂ ತಿದ್ದಿದ ಕೈ

ಕ್ರೀಡಾಂಗಣದಲ್ಲಿ ಎದುರಿಗೆ ಅವಳು ಮೇಡಂ, ಬೆನ್ನ ಹಿಂದೆ ಮೊಣಕೈ ಮೇಡಂ. ಯಾರು ಬ್ಯಾಸ್ಕೆಟ್‌ಬಾಲ್ ಎತ್ತಿದರೂ ಅವಳ ಬಾಯಿಂದ ಮೊದಲು ಉದುರುತ್ತಿದ್ದ ಮಾತು, "ಮೊಣಕೈ ಒಳಗೆ!" ಮೊಣಕೈ ಚೆಂಡಿನ ಕೆಳಗೇ ಇರಬೇಕು, ಎಡಗೈ ಬರೀ ಆಸರೆ, ಚೆಂಡು ಬಿಟ್ಟ ಮೇಲೂ ಮಣಿಕಟ್ಟು ಬಾಗಿಯೇ ಇರಬೇಕು. ಎಡಗೈ ಸುಮ್ಮನಿರದ ಮಕ್ಕಳಿಗೆ ಬಟ್ಟೆಯ ಪಟ್ಟಿಯಿಂದ ಆ ಕೈಯನ್ನು ಸೊಂಟಕ್ಕೆ ಕಟ್ಟಿ, ಒಂಟಿ ಕೈಯಲ್ಲಿ ಹೊಡೆಸುತ್ತಿದ್ದಳು.

ಅವಳದೇ ಶಾಟ್ ನೋಡಬೇಕಿತ್ತು. ತಪ್ಪು ಹುಡುಕಲು ಹೋದವರು ಸೋತು ಬರುತ್ತಿದ್ದರು. ಆದರೆ ಆಡುವ ವಯಸ್ಸಿನಲ್ಲಿ ಅವಳು ಬೆಂಚು ಕಾದದ್ದೇ ಹೆಚ್ಚು. ಅಷ್ಟು ಅಚ್ಚುಕಟ್ಟಾಗಿ ಕೈ ಎತ್ತುವಷ್ಟರಲ್ಲಿ ಎದುರಾಳಿ ಮೈಮೇಲೆ ಬಿದ್ದಾಗಿರುತ್ತಿತ್ತು. ಇದನ್ನು ಅವಳು ಯಾರ ಮುಂದೆಯೂ ಬಾಯಿಬಿಡುತ್ತಿರಲಿಲ್ಲ, ನಾವೂ ಹೆಚ್ಚು ಕೆದಕುವುದು ಬೇಡ.

ತಂಗಿಯ ಮಗಳು ಅವಳ ಕೈಗೆ ಬಂದದ್ದು ಹದಿನಾರರ ವಯಸ್ಸಿನಲ್ಲಿ. ತಂಗಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಹೊದಿಕೆ ಒಗೆಯುವವಳು. ಒಂದೇ ಕೋಣೆಯ ಮನೆ, ಕುಡಿದು ಬಂದು ಕೈಗೆ ಸಿಕ್ಕಿದವರನ್ನು ಬಡಿಯುವ ಗಂಡ. ಕ್ರೀಡಾ ಹಾಸ್ಟೆಲಿಗೆ ಆಯ್ಕೆಯಾದರೆ ಹುಡುಗಿಗೆ ಒಂದು ಮಂಚ, ಹೊಟ್ಟೆ ತುಂಬ ಊಟ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲು. ದೊಡ್ಡಮ್ಮನಿಗೋ ಕ್ರೀಡಾಂಗಣದವರು ಕೊಟ್ಟ ಕೋಣೆ. ಅಲ್ಲಿ ಇನ್ನೊಬ್ಬರನ್ನು ಇಟ್ಟುಕೊಳ್ಳಲು ಅಪ್ಪಣೆಯಿರಲಿಲ್ಲ.

"ಅಕ್ಕಾ, ಹೇಗಾದ್ರೂ ಮಾಡಿ ಇವಳನ್ನ ಅಲ್ಲಿ ಸೇರಿಸ್ಬಿಡು," ಎಂದು ತಂಗಿ ಅತ್ತಳು.

ಹುಡುಗಿಯ ಶಾಟ್ ನೋಡಿ ದೊಡ್ಡಮ್ಮ ತಲೆ ತಲೆ ಚಚ್ಚಿಕೊಂಡಳು. ಚೆಂಡು ಹೊರಡುತ್ತಿದ್ದದ್ದು ಎಡಗಿವಿಯ ಪಕ್ಕದಿಂದ, ಬಲಮೊಣಕೈ ಪೂರ್ತಿ ಹೊರಗೆ, ಎಡಗಾಲು ಎಲ್ಲೋ. ತುಂಬಿದ ಕೊಡವನ್ನು ಗೋಡೆಯಾಚೆ ಎಸೆಯುವವಳ ಹಾಗೆ. ಆದರೂ ಚೆಂಡು ರಿಂಗಿನೊಳಗೆ ಬೀಳುತ್ತಿತ್ತು, ಮತ್ತೆ ಮತ್ತೆ ಬೀಳುತ್ತಿತ್ತು.

"ಬೀಳತ್ತಲ್ಲ ದೊಡ್ಡಮ್ಮ?"

"ಇವತ್ತು ಬೀಳತ್ತೆ. ಆಯ್ಕೆಗೆ ಕೂತವರು ಮೊದಲು ಕೈ ನೋಡ್ತಾರೆ ಕಣೆ. ಇದನ್ನ ನೋಡಿದ್ರೆ ನಗ್ತಾರೆ."

ಪ್ರೀತಿಯಿಂದಲೇ ಆಡಿದ ಮಾತು. ತಾನು ಕಲಿಸಿದವಳನ್ನು ನೋಡಿ ನಕ್ಕಾರು ಎಂಬ ಅಳುಕೂ ಅದರಲ್ಲಿತ್ತು.

ಬಟ್ಟೆಯ ಪಟ್ಟಿ ಹೊರಬಂತು. ಚಳಿಗಾಲವಿಡೀ ಶಾಲೆ ಬಿಟ್ಟ ಮೇಲೆ ಹುಡುಗಿ ಎಡಗೈ ಕಟ್ಟಿಸಿಕೊಂಡು ನಿಂತಳು. ಚೆಂಡು ರಿಂಗಿನ ಅಂಚಿಗೆ ಬಡಿದು ವಾಪಸು ಬರುತ್ತಿತ್ತು. "ಮೊದಮೊದಲು ಹಾಗೇನೇ, ತಾಳು," ಎನ್ನುತ್ತಿದ್ದಳು ದೊಡ್ಡಮ್ಮ. ಹೇಳಿದ್ದನ್ನು ಹುಡುಗಿ ಚಾಚೂ ತಪ್ಪದೆ ಮಾಡಿದಳು. ಆ ಮನೆಯಲ್ಲಿ ಬೆಳೆದವಳಿಗೆ ಎದುರಾಡಿ ಗೊತ್ತಿರಲಿಲ್ಲ. ಬೇರೆ ಕೋಚುಗಳು "ಥೇಟ್ ನಿಮ್ಮ ಕೈಯೇ ಮೇಡಂ" ಎಂದಾಗ ದೊಡ್ಡಮ್ಮ ಉಬ್ಬಿಹೋದಳು.

ಆಯ್ಕೆಯ ದಿನ ಬೆಳಗಿನ ಸುತ್ತಿನಲ್ಲಿ ಹುಡುಗಿ ಪ್ರತಿ ಸಲವೂ ರಿಂಗ್ ನೋಡದೆ ತನ್ನ ಮೊಣಕೈ ನೋಡಿಕೊಂಡು ಹೊಡೆದಳು. ಒಂದೂ ಬೀಳಲಿಲ್ಲ. ಅವಳ ಹಿಂದೆ ಬಂದ ಇನ್ನೊಬ್ಬಳು ಎರಡೂ ಕೈಯಲ್ಲಿ ತಳ್ಳಿ, ಅಡ್ಡಾದಿಡ್ಡಿಯಾಗಿ ಹೊಡೆದು ಆಯ್ಕೆಯಾದಳು. ಯಾರೂ ನಗಲಿಲ್ಲ.

"ಸ್ಟೈಲ್ ತುಂಬಾ ಚೆನ್ನಾಗಿದೆ ಮೇಡಂ," ಎಂದ ಆಯ್ಕೆಗಾರ ಮರ್ಯಾದೆಯಿಂದಲೇ. "ಆದ್ರೆ ಬೀಳಬೇಕಲ್ಲ? ಮಧ್ಯಾಹ್ನ ಇನ್ನೊಂದು ಸಲ ನೋಡೋಣ."

ದೊಡ್ಡಮ್ಮ ಅವಳನ್ನು ಹಿಂದಿನ ಅಂಗಳಕ್ಕೆ ಎಳೆದುಕೊಂಡು ಹೋದಳು. "ನಾನು ಹೇಳಿದ್ದೆಲ್ಲ ಮರೆತುಬಿಡು. ನಿನ್ನ ಹಳೇ ಥರಾನೇ ಹೊಡಿ."

ಹುಡುಗಿ ಚೆಂಡು ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು.

"ಹೇಗೆ ಹೊಡೀತಿದ್ದೆ ದೊಡ್ಡಮ್ಮ?"

ಆ ಶಾಟಿನ ಒಂದೊಂದು ತಪ್ಪೂ ದೊಡ್ಡಮ್ಮನಿಗೆ ಬಾಯಿಪಾಠವಾಗಿತ್ತು. ಚೆಂಡನ್ನು ಎಡಗಿವಿಯ ಹತ್ತಿರ ತಂದು, ಮೊಣಕೈ ಹೊರಚಾಚಿ ತಾನೇ ತೋರಿಸಿದಳು. "ಹೀಗೆ, ನೋಡು, ಹೀಗೆ." ತನ್ನ ಮೇಲೆಯೇ ಅವಳಿಗೆ ಹೇಸಿಗೆಯಾಯಿತು. ಹುಡುಗಿ ಹಾಗೇ ಹಿಡಿದಳು. ಹೊಡೆಯುವ ಹೊತ್ತಿಗೆ ಮೊಣಕೈ ತಾನಾಗಿ ಒಳಗೆ ಸರಿಯಿತು. ಎಷ್ಟು ಸಲ ಮಾಡಿದರೂ ಅಷ್ಟೇ. ಮಧ್ಯಾಹ್ನದ ಸುತ್ತು ಬೇಗ ಮುಗಿಯಿತು.

ಸಂಜೆ ಇಬ್ಬರೂ ತಂಗಿಯ ಮನೆಯ ಮುಂದೆ ನಿಂತರು. ಒಳಗೆ ಪಾತ್ರೆ ಬಿದ್ದ ಸದ್ದು, ಅಪ್ಪನ ಕೂಗು. ಬಾಗಿಲು ತಟ್ಟಲು ಹುಡುಗಿ ಕೈ ಎತ್ತಿದಳು. ಮೊಣಕೈ ಒಳಗೇ ಇತ್ತು.